ರಮೋನಾದಲ್ಲಿ ಸಿಕ್ಕ ಶುಕ್ರ

ಅಮೆರಿಕಕ್ಕೆ ಹೊರಟವರು ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಒಯ್ಯುತ್ತಾರೆ. ನಾನು ಪಿವಿಸಿ ಪೈಪ್ ಒಯ್ದೆ. ಮೂರಡಿ ಉದ್ದದ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದಪ್ಪ ಪೈಪ್. ನಾನೂ ನನ್ನ ಗಂಡ ಗಣಪತಿಯೂ ಕಾರವಾರದ ಮನೆಯ ಹಿಂಬದಿಯಲ್ಲಿ ಕೂತು, ಒಂದಿಡೀ ಮಳೆಗಾಲ ಗಾಜು ಉಜ್ಜಿ ಉಜ್ಜಿ ಮಾಡಿದ ಕನ್ನಡಿಯೊಂದು ಅದರ ಬುಡದಲ್ಲಿ ಕೂರುತ್ತದೆ. ನೆರೆಮನೆಯವರ ಪಾಲಿಗೆ ಅದು ಪೈಪ್. ನಮ್ಮ ಪಾಲಿಗೆ ಟೆಲಿಸ್ಕೋಪ್.

ಹೊತ್ತುಕೊಂಡು ಹೋದದ್ದು ಶುಕ್ರ ಸಂಕ್ರಮಣ ನೋಡಲು. ಶುಕ್ರಗ್ರಹ ನಮಗೂ ಸೂರ್ಯನಿಗೂ ಸರಿಯಾಗಿ ನಡುವೆ ಬಂದು, ಸೂರ್ಯನ ಮುಖದ ಮೇಲೆ ಕರಿಬೊಟ್ಟಿನ ಹಾಗೆ ಮೆಲ್ಲಗೆ ನಡೆದುಹೋಗುವುದೇ ಈ ಸಂಕ್ರಮಣ. 2004ರ ಜೂನ್‌ನಲ್ಲಿ ಒಮ್ಮೆ ಆಗಿತ್ತು. 2012ರ ಜೂನ್‌ನಲ್ಲಿ ಇನ್ನೊಮ್ಮೆ. ಅದು ತಪ್ಪಿದರೆ ಮುಂದಿನದು 2117ರಲ್ಲಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. 2004ರಲ್ಲಿ ಮಕ್ಕಳನ್ನೆಲ್ಲ ಕಾಲೇಜಿನ ತಾರಸಿಗೆ ಹತ್ತಿಸಿ ಕಾದಿದ್ದೆ. ಜೂನ್ ತಿಂಗಳ ಕಾರವಾರ ಹೇಗಿರುತ್ತದೆಂದು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಶುಕ್ರ ಹಾಗಿರಲಿ, ಆ ದಿನ ಸೂರ್ಯನೇ ಇರಲಿಲ್ಲ. ಕೊಡೆಗಳ ಕೆಳಗೆ ನಿಂತು ನೆನೆದು ಇಳಿದು ಬಂದೆವು.

ಈ ಸಲ ನನ್ನ ಹಾಸ್ಟೆಲ್ ಗೆಳತಿ, ಧಾರವಾಡದ ನಿಮ್ಮಿ, ಸ್ಯಾನ್ ಡಿಯಾಗೊದಿಂದ ಫೋನ್ ಮಾಡಿ ಹೇಳಿದಳು: "ಸುಮಿ, ಇಲ್ಲಿ ಬ್ಯಾಸಿಗಿಯೊಳಗ ಮಳಿನ ಬರೂದಿಲ್ಲ. ಸುಮ್ನ ಟಿಕೆಟ್ ತಗೊಂಡು ಬಂದುಬಿಡು." ಗಣಪತಿ ತಾನು ಕಾರವಾರದಲ್ಲೇ ನಿಂತು ಕಾಲೇಜಿನ ಮಕ್ಕಳ ಜೊತೆ ಅದೃಷ್ಟ ನೋಡುತ್ತೇನೆಂದರು. "ಇಬ್ಬರೂ ಒಂದೇ ಮೋಡದ ಕೆಳಗೆ ನಿಲ್ಲುವುದು ಬೇಡ" ಎಂಬುದು ಅವರ ವಾದ.

ಲಾಸ್ ಏಂಜಲೀಸ್: ಕಸ್ಟಮ್ಸ್ ಸಾಲು

ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದ ಪೈಪನ್ನು ಕಸ್ಟಮ್ಸ್ ಅಧಿಕಾರಿ ಮೇಜಿನ ಮೇಲೆ ಮಲಗಿಸಿ ಬಿಚ್ಚಿದ. ಕಂದಮ್ಮನ ಬಟ್ಟೆ ಬಿಚ್ಚುವಷ್ಟು ಜಾಗ್ರತೆ.

"ಇದೇನು?"

"ಟೆಲಿಸ್ಕೋಪ್."

"ಪೈಪಿನ ಹಾಗಿದೆ."

"ಪೈಪೇ."

ಅವನು ಪೈಪಿನ ಬಾಯಿಯೊಳಗೆ ಇಣುಕಿದ. ಒಳಗಿನ ತಗ್ಗುಗನ್ನಡಿಯಲ್ಲಿ ಅವನದೇ ಕಣ್ಣು ಕೋಸಂಬರಿ ಬಟ್ಟಲಿನಷ್ಟು ದೊಡ್ಡದಾಗಿ ಕಂಡಿರಬೇಕು. ಬೆಚ್ಚಿ ಹಿಂದೆ ಸರಿದ. ಆಮೇಲೆ ಮತ್ತೆ ಇಣುಕಿದ. ಆಮೇಲೆ ಪಕ್ಕದ ಮೇಜಿನವಳನ್ನು ಕರೆದ. ಅವಳೂ ಇಣುಕಿ ಕಿಸಕ್ಕನೆ ನಕ್ಕಳು. ನಾನು ಹನ್ನೊಂದನೇ ಕ್ಲಾಸಿನವರಿಗೆ ಹೇಳುವಂತೆ ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ತಿರುಗುತ್ತದೆಂದು ಹೇಳತೊಡಗಿದೆ. ಹಿಂದಿನ ಸಾಲಿನಲ್ಲಿದ್ದವರ ಗೊಣಗಾಟ ಕೇಳುತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಸಂಕ್ರಮಣದ ವಿಷಯ ಕೇಳಿದ ಅಧಿಕಾರಿ, "ಮಂಗಳವಾರ ಮಧ್ಯಾಹ್ನವಾ? ನನಗೆ ಡ್ಯೂಟಿ ಇದೆಯಲ್ಲ" ಎಂದು ಪೆಚ್ಚಾದ. ಪೆನ್ನು ತೆಗೆದು ಅಂಗೈ ಮೇಲೆ 'ಶುಕ್ರ, ಮಂಗಳವಾರ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡ. ಪರದೇಶದಲ್ಲಿ ನನ್ನ ಮೊದಲ ಪಾಠ ಹೀಗೆ ನಡೆಯಿತು.

ಹೊರಗೆ ಅರ್ಪಿತಾ ಕಾಯುತ್ತಿದ್ದಳು. ಅಂಕೋಲಾದ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲಿಯೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಕಾರು ಹೊಸದಾಗಿ ಕಲಿತಿದ್ದಳು.

"ಮೇಡಂ, ಒಂದು ವಿಷಯ. ನಾನಿನ್ನೂ ಫ್ರೀವೇ ಹತ್ತುವುದಿಲ್ಲ. ಒಳಗಿನ ರೋಡಲ್ಲೇ ಹೋಗುವ, ಆಗ್ತದಾ?"

ಆಗಲಿ ಎಂದೆ. ಎಲ್ಲರೂ ಬುರ್ರೆಂದು ಹಾರಿಹೋಗುವ ಊರನ್ನು ನಾವು ಸಿಗ್ನಲಿನಿಂದ ಸಿಗ್ನಲಿಗೆ, ಕುಮಟಾ ಪೇಟೆಯಲ್ಲಿ ಎತ್ತಿನಗಾಡಿ ಹೋದಂತೆ ದಾಟಿದೆವು. ಎಡಕ್ಕೆ ತಿರುಗಲು ಅವಳಿಗೆ ಭಯ. ಹಾಗಾಗಿ ಎಡಕ್ಕೆ ಹೋಗಬೇಕಾದಲ್ಲೆಲ್ಲ ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ ಬಳಸಿ ಬಂದೆವು. "ಗ್ರಹಗಳೂ ಹೀಗೇ ಅಲ್ವಾ ಮೇಡಂ, ಒಂದೇ ಕಡೆ ಸುತ್ತುವುದು" ಎಂದಳು. ಒಳ್ಳೆಯ ವಿದ್ಯಾರ್ಥಿನಿ.

ಗುಡ್ಡದ ಮೇಲೆ

ಮರುದಿನ ಅವಳು ನನ್ನನ್ನು ಊರಿನ ನೆತ್ತಿಯ ಮೇಲಿರುವ ವೀಕ್ಷಣಾಲಯಕ್ಕೆ ಕರೆದೊಯ್ದಳು. ಬಿಳಿ ಕಟ್ಟಡ, ಮೂರು ಗುಮ್ಮಟ, ಕೆಳಗೆ ಕೊನೆಯೇ ಕಾಣದ ಊರು. ಅಲ್ಲಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಆಕಾಶಕ್ಕೆ ಬೆನ್ನು ಹಾಕಿ, ಎದುರು ಗುಡ್ಡದ ಮೇಲಿನ ದೊಡ್ಡ ಬಿಳಿ ಅಕ್ಷರಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಕಾಲು ಮಾತ್ರ ಹುಲ್ಲುಹಾಸಿನಲ್ಲಿಟ್ಟಿದ್ದ ಟೆಲಿಸ್ಕೋಪಿನತ್ತ ತಾನಾಗಿ ಓಡಿತು.

ಅದರ ಪಕ್ಕ ನಿಂತಿದ್ದ ಮುದುಕಿಗೆ ಎಂಬತ್ತರ ಮೇಲೆ ವಯಸ್ಸಾಗಿರಬೇಕು. ಕಿವಿಯಲ್ಲಿ ಶನಿಗ್ರಹದ ಓಲೆ, ಬಳೆ ಸಮೇತ. ಸಂಬಳವಿಲ್ಲದೆ ವಾರಕ್ಕೆರಡು ದಿನ ಬಂದು ಜನರಿಗೆ ಸೂರ್ಯನನ್ನು ತೋರಿಸುತ್ತಾಳಂತೆ. ನಾನು ಕಣ್ಣಿಟ್ಟು ನೋಡಿದೆ. ಕುಂಕುಮದ ಬಣ್ಣದ ಸೂರ್ಯ. ಅಂಚಿನಲ್ಲಿ ಒಂದು ಎಳೆ ಬೆಂಕಿ, ಒಲೆಯಿಂದ ನಾಲಿಗೆ ಚಾಚಿದ ಹಾಗೆ. "ಅಯ್ಯೋ!" ಎಂದು ಕೂಗಿಬಿಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡು, "ನೀವು ನಮ್ಮವರು" ಎಂದಳು. ಆಮೇಲೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಮಂಗಳನ ಕಡೆಗೆ ಹೊರಟಿದ್ದ ರೋವರ್ ಆಗಿನ್ನೂ ದಾರಿಯಲ್ಲಿತ್ತು. ಅದು ಇಳಿಯುವ ರಾತ್ರಿಗೆಂದು ಆಕೆ ಈಗಲೇ ಕೇಕು ಹೇಳಿಟ್ಟಿದ್ದಳು. ನಮ್ಮ ಚಂದ್ರಯಾನದ ಬಗ್ಗೆ ನನಗಿಂತ ಹೆಚ್ಚು ಪ್ರಶ್ನೆಗಳು ಅವಳ ಬಳಿ ಇದ್ದವು. ಅರ್ಪಿತಾ ಹುಲ್ಲಿನ ಮೇಲೆ ಕೂತು ಎರಡು ಐಸ್‌ಕ್ರೀಮ್ ತಿಂದು ಮುಗಿಸಿದಳು.

ಸಂಕ್ರಮಣಕ್ಕೆ ಸ್ಯಾನ್ ಡಿಯಾಗೊಗೆ ಹೋಗುತ್ತೇನೆಂದಾಗ ಆಕೆಯ ಮುಖ ಕೊಂಚ ಸಣ್ಣದಾಯಿತು.

"ಕಡಲ ತೀರದಲ್ಲಾ? ಜೂನ್‌ನಲ್ಲಾ? ಅಲ್ಲಿ ಜೂನ್ ತಿಂಗಳೆಲ್ಲ ಕಡಲಿನಿಂದ ಮೋಡ ಎದ್ದು ಬಂದು ಊರ ಮೇಲೆ ಕಂಬಳಿ ಹೊದಿಸುತ್ತದೆ. ಮಳೆ ಬರುವುದಿಲ್ಲ. ಬಿಸಿಲೂ ಬರುವುದಿಲ್ಲ."

ನನಗೆ ನಿಮ್ಮಿಯ ಮಾತು ನೆನಪಾಯಿತು. ಮಳೆ ಇಲ್ಲವೆಂದಿದ್ದಳು. ಮೋಡ ಇಲ್ಲವೆಂದು ಅವಳು ಹೇಳಿರಲೇ ಇಲ್ಲ.

"ಮೋಡ ಬಂದರೆ ಪೂರ್ವಕ್ಕೆ ಓಡಿ. ಗುಡ್ಡ ಹತ್ತಿ. ಕಂಬಳಿ ಅಷ್ಟು ದೂರ ಎಟಕುವುದಿಲ್ಲ" ಎಂದು ಆಕೆ ಕೈಯೆತ್ತಿ ತೋರಿಸಿದಳು.

ಕಡಲ ಪಕ್ಕದ ರೈಲು

ದಕ್ಷಿಣಕ್ಕೆ ಹೋಗುವ ರೈಲು ಕೆಲವು ಕಡೆ ಕಡಲಿಗೆ ಎಷ್ಟು ಹತ್ತಿರ ಹೋಗುತ್ತದೆಂದರೆ, ಕೊಂಕಣ ರೈಲಿನಲ್ಲಿ ಓಡಾಡುವ ನನಗೂ ಎದೆ ಜುಮ್ಮೆಂದಿತು. ನಮ್ಮ ರೈಲು ಸುರಂಗ, ಸೇತುವೆ, ಸುರಂಗ ಎಂದು ಕಣ್ಣಾಮುಚ್ಚಾಲೆ ಆಡುತ್ತದೆ. ಇಲ್ಲಿ ಕಿಟಕಿಯ ಕೆಳಗೇ ಮರಳು, ಮರಳಿನ ಮೇಲೆ ಜನ. ಎದುರಿನ ಸೀಟಿನವನೊಬ್ಬ ಬರಿಗಾಲಲ್ಲಿದ್ದ, ಪಕ್ಕದಲ್ಲಿ ಅವನಿಗಿಂತ ಎತ್ತರದ ಸರ್ಫಿಂಗ್ ಹಲಗೆ. ಅವನು ನನ್ನ ಪೈಪ್ ನೋಡಿದ, ನಾನು ಅವನ ಹಲಗೆ ನೋಡಿದೆ. ಇಬ್ಬರೂ ತಲೆಯಾಡಿಸಿದೆವು. ಹುಚ್ಚು ಬೇರೆ ಬೇರೆಯಾದರೂ ಲಗೇಜಿನ ಕಷ್ಟ ಒಂದೇ.

ಊರು ಹತ್ತಿರವಾಗುತ್ತಿದ್ದಂತೆ ಕಡಲಿನ ಮೇಲೆ ಬೂದುಬಣ್ಣದ ಗೋಡೆಯೊಂದು ಎದ್ದಿತು. ಸೊಲಾನಾ ಬೀಚ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಅದು ನೆತ್ತಿಯ ಮೇಲೆ ಬಂದು ಕೂತಿತ್ತು. ನಿಮ್ಮಿ ಎರಡೂ ಕೈ ಚಾಚಿ ಓಡಿ ಬಂದಳು. ಇಪ್ಪತ್ತು ವರ್ಷದ ಮೇಲೆ ಸಿಗುತ್ತಿರುವ ಗೆಳತಿಗೆ ನಾನು ಹೇಳಿದ ಮೊದಲ ಮಾತು ಇದು: "ಇದೇನು ಮಾರಾಯ್ತಿ, ಮೋಡ?"

"ಇದಾ? ದಿನಾ ಬರ್ತದ, ದಿನಾ ಹೋಗ್ತದ. ಈಗ ಮೊದಲು ನನ್ನ ಅಪ್ಪಿಕೊ."

ಫೋರ್ ಎಸ್ ರ್ಯಾಂಚ್

ನಿಮ್ಮಿ ಇರುವ ಬಡಾವಣೆಯ ಈ ಹೆಸರು ಕೇಳಿ ಕುದುರೆ, ಲಾಯ, ಹುಲ್ಲುಗಾವಲು ಎಂದೆಲ್ಲ ಎಣಿಸಿದ್ದೆ. ಹೋಗಿ ನೋಡಿದರೆ ಒಂದೇ ಅಚ್ಚಿನಲ್ಲಿ ತೆಗೆದ ಸಾಲುಮನೆಗಳು, ಎಲ್ಲಕ್ಕೂ ಮರಳಿನ ಬಣ್ಣ. ಸಂಜೆ ವಾಕಿಂಗ್ ಹೋದವಳು ಬೇರೆ ಯಾರದೋ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದವರು ಮೈಸೂರಿನವರು! ಕಾಫಿ ಕೊಟ್ಟು, ನಿಮ್ಮಿಯ ಮನೆ ತೋರಿಸಿ ಕಳಿಸಿದರು.

ಮಂಗಳವಾರ ಬೆಳಗ್ಗೆ ಮೋಡ ಇತ್ತು. ಹತ್ತಕ್ಕೆ ಹೋಗುತ್ತದೆ ಎಂದಳು ನಿಮ್ಮಿ. ಹೋಗಲಿಲ್ಲ. ಊಟದ ಹೊತ್ತಿಗೂ ಹೋಗಲಿಲ್ಲ. ಕಾರ್ಲ್ಸ್‌ಬಾಡ್‌ನಲ್ಲಿ ಕಡಲಿಗೆ ಎದುರಾಗಿ ಮನೆ ಮಾಡಿರುವ ಅವಳ ಸಹೋದ್ಯೋಗಿಯ ತಾರಸಿಯಲ್ಲಿ ನೋಡುವುದೆಂದು ಠರಾವಾಗಿತ್ತು. ಆ ಸಹೋದ್ಯೋಗಿಯೇ ಫೋನ್ ಮಾಡಿ, ತನಗೆ ಕಡಲೇ ಕಾಣುತ್ತಿಲ್ಲವೆಂದಳು.

"ಪೂರ್ವಕ್ಕೆ ಓಡಬೇಕು" ಎಂದೆ. ಪೈಪನ್ನು ಎತ್ತಿ ಹೆಗಲಿಗೇರಿಸಿದೆ.

"ಓಡೂಣು. ಆದ್ರ ಇವತ್ತು ಕಾರ್‌ಪೂಲ್ ನಂದು!"

ಅಲ್ಲಿನ ತಾಯಂದಿರಿಗೆ ಕಾರ್‌ಪೂಲ್ ಎಂದರೆ ವ್ರತವಿದ್ದಂತೆ. ಪಾಳಿ ಬಂದ ದಿನ ಶಾಲೆಯಿಂದ ನೆರೆಯ ಮಕ್ಕಳನ್ನೂ ಹತ್ತಿಸಿಕೊಂಡು ಕ್ಲಾಸುಗಳಿಗೆ ಮುಟ್ಟಿಸಬೇಕು, ಸತ್ತರೂ ತಪ್ಪಿಸುವಂತಿಲ್ಲ. ಅಂದು ನಿಮ್ಮಿ ತನ್ನ ಮಗಳು ಅನನ್ಯಾಳನ್ನೂ ಅವಳ ಗೆಳತಿ ಗ್ರೇಸಳನ್ನೂ ಕಾರ್ಮೆಲ್ ವ್ಯಾಲಿಯ ಪಿಟೀಲು ಕ್ಲಾಸಿಗೆ ಬಿಡಬೇಕಿತ್ತು. ಕಾರ್ಮೆಲ್ ವ್ಯಾಲಿ ಇರುವುದು ಪಶ್ಚಿಮಕ್ಕೆ, ಮೋಡದ ಹೊಟ್ಟೆಯೊಳಕ್ಕೆ.

ಶಾಲೆಯ ಮುಂದೆ ಮಕ್ಕಳನ್ನು ಹತ್ತಿಸಿಕೊಂಡು ನಿಮ್ಮಿ ಗ್ರೇಸಳ ತಾಯಿಗೆ ಫೋನ್ ಹಚ್ಚಿದಳು. ಕೊರಿಯಾ ಮೂಲದ ಮಿಸೆಸ್ ಕಿಮ್ ಪಿಟೀಲಿನ ವಿಷಯದಲ್ಲಿ ಬಲು ಕಟ್ಟುನಿಟ್ಟು ಎಂದು ನನಗೆ ಮೊದಲೇ ಪಿಸುಗುಟ್ಟಿದ್ದಳು. ವ್ಯಾನಿನ ಸ್ಪೀಕರಿನಲ್ಲಿ ಮಾತು ಎಲ್ಲರಿಗೂ ಕೇಳುತ್ತಿತ್ತು.

"ಕ್ಲಾಸ್ ತಪ್ಪಿಸುವುದಾ? ಮುಂದಿನ ವಾರ ಕಛೇರಿ ಇದೆ."

"ಪಿಟೀಲು ಕ್ಲಾಸ್ ಗುರುವಾರ ಮತ್ತೆ ಇದೆ ಮಿಸೆಸ್ ಕಿಮ್. ಶುಕ್ರ ಮತ್ತೆ ಬರುವುದು 2117ಕ್ಕೆ."

ಹಿಂದಿನ ಸೀಟಿನಲ್ಲಿ ಗ್ರೇಸ್ ಸ್ಪೀಕರಿನತ್ತ ಕತ್ತು ಚಾಚಿದಳು.

"ಯಾವ ರಸ್ತೆಯಲ್ಲಿ ಹೋಗುತ್ತೀರಿ?" ಎಂದು ಕೇಳಿದರು ಮಿಸೆಸ್ ಕಿಮ್. "ನಾನೂ ಬರುತ್ತೇನೆ."

ಮಕ್ಕಳಿಬ್ಬರೂ ಕಿರಿಚಿದ ರಭಸಕ್ಕೆ ನಿಮ್ಮಿ ಹಾರ್ನ್ ಒತ್ತಿಬಿಟ್ಟಳು. ವ್ಯಾನ್ ಪೂರ್ವಕ್ಕೆ ತಿರುಗಿತು.

ರಮೋನಾ

ಪೋವೇ ಎಂಬ ಊರು ದಾಟಿ ರಸ್ತೆ ಮೇಲೇರತೊಡಗಿತು. ದೊಡ್ಡ ದೊಡ್ಡ ದುಂಡುಬಂಡೆಗಳ ಗುಡ್ಡಗಳು. ನಾನು ಕಿಟಕಿಯಿಂದ ತಲೆ ಹೊರಹಾಕಿ ಆಕಾಶದ ಬಣ್ಣ ವರದಿ ಮಾಡುತ್ತಿದ್ದೆ: ಬೂದು, ಬೂದು, ತೆಳು ಬೂದು, ಹಾಲುಬಿಳುಪು. ಒಂದು ತಿರುವು ಮುಗಿದದ್ದೇ, ಯಾರೋ ಪರದೆ ಜಗ್ಗಿದಂತೆ, ಕಣ್ಣು ಕೋರೈಸುವ ನೀಲಿ! ವ್ಯಾನಿನೊಳಗೆ ನಾವು ಎಬ್ಬಿಸಿದ ಗದ್ದಲ ಕೇಳಿ ಪಕ್ಕದ ಲಾರಿಯವನು ಗಾಬರಿಯಾಗಿ ನೋಡಿದ. ರಮೋನಾ ಎಂಬ ಆ ಊರಿನಲ್ಲಿ ನಿಜಕ್ಕೂ ಕುದುರೆಗಳಿದ್ದವು. ಕುದುರೆಗಳಿಗೆ ಹುಲ್ಲು, ಮೇವು ಮಾರುವ ಅಂಗಡಿಯೊಂದರ ಮುಂದೆ ವಿಶಾಲ ಜಾಗ ಕಂಡು ನಿಮ್ಮಿ ಬ್ರೇಕ್ ಹಾಕಿದಳು.

ಪೈಪ್ ನಿಲ್ಲಿಸಿ ಕನ್ನಡಿ ಕೂರಿಸಿದೆ. ಇನ್ನು ಬೇಕಾದದ್ದು ಸೂರ್ಯನ ಫಿಲ್ಟರ್ ಒಂದೇ. ಬೆಳ್ಳಿ ಬಣ್ಣದ ತೆಳು ಹಾಳೆ ಅದು. ಪೈಪಿನ ಬಾಯಿಗೆ ಕಟ್ಟದೆ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಬೆಳಗ್ಗೆ ಕತ್ತರಿಸೋಣವೆಂದು ನಿಮ್ಮಿಯ ಅಡುಗೆಕಟ್ಟೆಯ ಮೇಲೆ ಇಟ್ಟಿದ್ದೆ. ಚೀಲ ತಡಕಿದೆ. ಹಾಳೆ ಮುದುಡದಿರಲೆಂದು ಇಟ್ಟಿದ್ದ ಎರಡು ರಟ್ಟು ಸಿಕ್ಕಿದವು. ನಡುವಿನ ಹಾಳೆ ಇಲ್ಲ.

"ನಿಮ್ಮಿ, ಕಟ್ಟೆ ಮೇಲೆ ಬೆಳ್ಳಿ ಹಾಳೆ ಇತ್ತಲ್ಲ?"

ನಿಮ್ಮಿ ಗ್ರೇಸಳನ್ನೇ ನೋಡುತ್ತಿದ್ದಳು. ವ್ಯಾನಿನ ಮೆಟ್ಟಿಲ ಮೇಲೆ ಕೂತು ಗ್ರೇಸ್ ಚಪಾತಿ ಸುರುಳಿ ತಿನ್ನುತ್ತಿದ್ದಳು. ಸುರುಳಿಯ ಸುತ್ತ, ಮುದುಡಿ, ಪಲ್ಯದ ಎಣ್ಣೆ ಹತ್ತಿ, ಮಿರಮಿರ ಮಿಂಚುತ್ತಿತ್ತು ನನ್ನ ಫಿಲ್ಟರ್.

"ಅಯ್ಯ ಶಿವನ! ನಾ ಫಾಯಿಲ್ ಅಂತ ತಿಳದೆ" ಎಂದು ನಿಮ್ಮಿ ಬಾಯಿ ಮುಚ್ಚಿಕೊಂಡಳು. "ಹರಿಯಾಕ ಬರಲೇ ಇಲ್ಲ ನೋಡು. ಕತ್ರಿ ಹಚ್ಚಿದೆ!"

ಒಂದು ಕ್ಷಣ ನನಗೆ ಅಳು ಬಂತು. ಇಷ್ಟು ದೂರ ಹಾರಿ, ಮೋಡ ದಾಟಿ ಬಂದು, ಆಲೂಗಡ್ಡೆ ಪಲ್ಯದ ಕೈಯಲ್ಲಿ ಸೋಲುವುದೇ? ಆಮೇಲೆ ಅನನ್ಯಾ ನಗತೊಡಗಿದಳು, ನಿಮ್ಮಿಗೂ ನಗು ತಡೆಯಲಾಗಲಿಲ್ಲ, ನನಗೂ. ನಗುನಗುತ್ತಲೇ ಹೊಳೆಯಿತು: ಕಣ್ಣಿಟ್ಟು ನೋಡುವುದೇಕೆ? ಸೂರ್ಯನ ಬಿಂಬವನ್ನು ಹೊರಗೆ ಚೆಲ್ಲಿದರಾಯಿತು. ಕಣ್ಣಿಡುವ ಮಸೂರದಿಂದ ಹೊರಬರುವ ಬೆಳಕಿಗೆ ಬಿಳಿ ಪರದೆಯೊಂದನ್ನು ಹಿಡಿದರೆ ಅದರ ಮೇಲೆ ಸೂರ್ಯ ಮೂಡುತ್ತಾನೆ. ಎಲ್ಲರೂ ಒಟ್ಟಿಗೆ ನೋಡಬಹುದು.

ಅನನ್ಯಾಳ ಡ್ರಾಯಿಂಗ್ ಹಾಳೆ ಹಿಡಿದೆವು. ಗುಡ್ಡದ ಗಾಳಿ ಬಂದು ಅದನ್ನು ಕುದುರೆ ಮೇವಿನ ರಾಶಿಯಾಚೆ ಒಯ್ದಿತು. ಇನ್ನೊಂದು ಹಿಡಿದೆವು. ಅದೂ ಹೋಯಿತು.

"ಪೈಪ್ ಸೋರುತ್ತಿದೆಯೇ, ಮೇಡಂ?" ಎಂದು ಹಿಂದಿನಿಂದ ದನಿ ಬಂತು.

ತಿರುಗಿ ನೋಡಿದರೆ ಆರೂವರೆ ಅಡಿಯ ಆಳು, ತಲೆಗೆ ಅಗಲ ಅಂಚಿನ ಟೋಪಿ. ಮೇವು ಕೊಳ್ಳಲು ಬಂದವನು ನಮ್ಮನ್ನು ಕೊಳಾಯಿ ಕೆಟ್ಟವರೆಂದು ತಿಳಿದಿದ್ದ. ಹೆಸರು ವೇಯ್ನ್. ಮೈಮೇಲೆ ಇಸ್ತ್ರಿ ಮಾಡಿದ, ಹಾಲಿನಷ್ಟು ಬಿಳಿಯ ಅಂಗಿ. ಬೆನ್ನು ಕೋಣೆಯ ಬಾಗಿಲಿನಷ್ಟು ಅಗಲ.

"ಸೋರುತ್ತಿಲ್ಲ. ಸ್ವಲ್ಪ ತಿರುಗಿ ನಿಲ್ಲುತ್ತೀರಾ?" ಎಂದು ಕೇಳಿಯೇಬಿಟ್ಟೆ.

ಯಾಕೆ ಎಂದೂ ಕೇಳದೆ ಅವನು ತಿರುಗಿದ. ನಿಮ್ಮಿ ಕೊಡೆ ಬಿಚ್ಚಿ ನೆರಳು ಹಿಡಿದಳು. ನಾನು ಪೈಪನ್ನು ಒಂಚೂರು ಸರಿಸಿದೆ, ಮಸೂರ ತಿರುಗಿಸಿದೆ. ಅವನ ಹೆಗಲೆಲುಬುಗಳ ನಡುವೆ ಮಸುಕು ಬೆಳಕೊಂದು ನಡುಗಿತು, ಗುಂಡಗಾಯಿತು, ಅಂಚು ಹರಿತವಾಯಿತು. ಪೂರಿಯಷ್ಟು ದೊಡ್ಡ ಸೂರ್ಯ. ಅದರೊಳಗೆ, ಅಂಚಿನಿಂದ ಸಾಕಷ್ಟು ಒಳಬಂದು, ಒಂದು ಬೊಟ್ಟು. ಕಪ್ಪು, ನುಣುಪು, ಸಾಸಿವೆಯಷ್ಟು ದುಂಡಗೆ. ಅದೊಂದು ಇಡೀ ಲೋಕ, ಸುಮಾರು ನಮ್ಮ ಭೂಮಿಯಷ್ಟೇ ದೊಡ್ಡದು.

ನಿಮ್ಮಿ ಒಂದು ಕೈಯಲ್ಲಿ ಕೊಡೆ ಹಿಡಿದೇ ಇನ್ನೊಂದು ಕೈಯಿಂದ ನನ್ನ ಭುಜ ಅದುಮಿದಳು. "ಖರೇನ ಅದಲ್ಲಲೇ, ಸುಮಿ. ಖರೇನ ಅದ."

"ಏನು ಕಾಣುತ್ತಿದೆ?" ಎಂದ ವೇಯ್ನ್.

"ಶುಕ್ರ! ನಿಮ್ಮ ಬೆನ್ನ ಮೇಲೆ!"

"ನನಗೇ ಕಾಣುವುದಿಲ್ಲವಲ್ಲ" ಎಂದು ಅವನು ತಲೆ ತಿರುಗಿಸಿದ. ಸೂರ್ಯ ಅವನ ಪಕ್ಕೆಗೆ ಜಾರಿದ. "ಅಲ್ಲಾಡಬೇಡಿ!" ಎಂದು ನಾಲ್ವರೂ ಕೂಗಿದೆವು.

ಅಂಗಡಿಯ ಒಳಗಿದ್ದವರೆಲ್ಲ ಹೊರಬಂದರು. ವೇಯ್ನನ ಹೆಂಡತಿ ಡೋನಾ ಬಂದು ನೋಡಿ ಕಣ್ಣರಳಿಸಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನ ಬೆನ್ನು ಇಷ್ಟು ಚಂದ ಕಂಡಿದ್ದು ಇದೇ ಮೊದಲು ಎಂದಳು. ಬಿಳಿ ಏಪ್ರನ್ ಉಟ್ಟ ಅಂಗಡಿಯವನು ಪರದೆಯಾಗಿ ನಿಂತಮೇಲೆ ವೇಯ್ನನಿಗೂ ನೋಡಲು ಸಿಕ್ಕಿತು. ಟೋಪಿ ತೆಗೆದು ಎದೆಗೊತ್ತಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಾನಾಗಿಯೇ ಬಂದು ಮತ್ತೆ ಬೆನ್ನು ಕೊಟ್ಟು ನಿಂತ.

ಮಿಸೆಸ್ ಕಿಮ್ ಮಡಚುವ ಕುರ್ಚಿ, ಕಲ್ಲಂಗಡಿ ಹೋಳು ಹಿಡಿದುಕೊಂಡು ಬಂದರು, ಬಂದವರೇ ವ್ಯಾನಿನಿಂದ ಗ್ರೇಸಳ ಪಿಟೀಲು ಇಳಿಸಿದರು. ಕ್ಲಾಸ್ ತಪ್ಪಿದರೂ ಅಭ್ಯಾಸ ತಪ್ಪಬಾರದಂತೆ. ಗ್ರೇಸ್ ಹುಲ್ಲಿನ ಹೊರೆಯ ಮೇಲೆ ಕೂತು ಸ್ವರಗಳನ್ನು ಏರಿಸಿ ಇಳಿಸತೊಡಗಿದಳು. ಕುದುರೆಯೊಂದು ಕಿವಿ ನಿಮಿರಿಸಿ ಕೇಳಿತು.

ನಿಮ್ಮಿಯ ಫೋನಿನಿಂದ ಕಾರವಾರಕ್ಕೆ ಕರೆ ಮಾಡಿದೆ. ನಮ್ಮ ಈ ಸಂಜೆ ಅವರಿಗೆ ಮರುದಿನದ ಮುಂಜಾನೆ. ಇಲ್ಲಿ ಇಳಿಯುತ್ತಿದ್ದ ಸೂರ್ಯ ಅಲ್ಲಿ ಆಗತಾನೇ ಏರುತ್ತಿದ್ದ.

"ಮಳೆ ನಿಂತಿದೆ, ಮೋಡ ಹಾಗೇ ಇದೆ" ಎಂದರು ಗಣಪತಿ. "ಮಕ್ಕಳೆಲ್ಲ ತಾರಸಿ ಮೇಲಿದ್ದಾರೆ. ನೀನು ಕಂಡಿದ್ದನ್ನು ಹೇಳು, ಸ್ಪೀಕರ್ ಹಾಕ್ತೇನೆ."

ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವಳಂತೆ ಹೇಳತೊಡಗಿದೆ. ಬೊಟ್ಟು ಎಲ್ಲಿದೆ, ಎಷ್ಟು ದೊಡ್ಡದಿದೆ, ಯಾರ ಬೆನ್ನ ಮೇಲಿದೆ. ಬೆನ್ನಿನ ಸಂಗತಿ ಕೇಳಿ ಮಕ್ಕಳು ಹೋ ಎಂದು ನಕ್ಕರು. ಆ ನಗೆಯ ನಡುವೆಯೇ ಗಣಪತಿಯ ದನಿ ಬದಲಾಯಿತು.

"ತಡಿ, ತಡಿ... ಸ್ವಲ್ಪ ತೆರೆಯಿತು. ಗ್ರಹಣದ ಕನ್ನಡಕ ಹಾಕಿ ಎಲ್ಲರೂ! ಸೂರ್ಯ... ಬಂತು... ಸುಮಾ! ಕಂಡಿತು! ಕಪ್ಪಗೆ, ಮೇಲ್ಗಡೆ!"

ಆಮೇಲೆ ಕೇಳಿದ್ದು ಬರಿಯ ಬೊಬ್ಬೆ. ನಾನೂ ಇಲ್ಲಿಂದ ಬೊಬ್ಬೆ ಹೊಡೆದೆ. ಭೂಮಿಯ ಆ ಬದಿ ಅವರು, ಈ ಬದಿ ನಾನು, ನಡುವೆ ಇರುವ ನೆಲ ನೀರೆಲ್ಲ ಇದ್ದಲ್ಲೇ ಇತ್ತು, ಆದರೆ ಇಬ್ಬರೂ ಒಂದೇ ಚುಕ್ಕಿಯನ್ನು ನೋಡುತ್ತಿದ್ದೆವು. "ಹೋಯ್ತು, ಮತ್ತೆ ಮೋಡ" ಎಂದರು ಗಣಪತಿ. "ಸಾಕು ಮಾರಾಯ್ತಿ, ಇಷ್ಟು ಸಾಕು." ನಾನು ಕಣ್ಣೊರೆಸಿಕೊಳ್ಳುವುದನ್ನು ಕಂಡು ಮಿಸೆಸ್ ಕಿಮ್ ಒಂದು ಕಲ್ಲಂಗಡಿ ಹೋಳು ಕೊಟ್ಟರು.

ಸೂರ್ಯ ಗುಡ್ಡದಂಚಿಗೆ ಬಂದು ಕೆಂಪಾದ. ಬೆನ್ನಿನ ಮೇಲಿನ ಬಿಂಬವೂ ಕೆಂಪಾಯಿತು, ಮಂಕಾಯಿತು. ಶುಕ್ರನ ನಡಿಗೆ ಮುಗಿದಿರಲಿಲ್ಲ. ಬೊಟ್ಟು ಇಟ್ಟುಕೊಂಡೇ ಸೂರ್ಯ ಮುಳುಗಿದ. ಯಾರು ಮೊದಲು ಚಪ್ಪಾಳೆ ತಟ್ಟಿದರೋ ತಿಳಿಯದು, ಎಲ್ಲರೂ ತಟ್ಟಿದೆವು.

ವೇಯ್ನ್ ಮಾತ್ರ ಹೊರಡಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ಮೇಡಂ, ಅದು ಎಲ್ಲಿತ್ತೋ ಅಲ್ಲೇ ಒಂದು ಗುರುತು ಹಾಕಿಕೊಡುತ್ತೀರಾ?"

"ಅಂಗಿ ಹಾಳಾಗುತ್ತದೆ."

"ಹಾಳಾಗುವುದು ಹೇಗೆ?" ಎಂದ, ನಿಜವಾಗಿಯೂ ಅರ್ಥವಾಗದವನಂತೆ.

ಅನನ್ಯಾ ಶಾಲೆಯ ಚೀಲದಿಂದ ಕಪ್ಪು ಮಾರ್ಕರ್ ತೆಗೆದುಕೊಟ್ಟಳು. ವೇಯ್ನ್ ಮೇವಿನ ಹೊರೆಯ ಮೇಲೆ ಬಾಗಿ ಕೂತ. ಅವನ ಬೆನ್ನಿನ ನಡುಮಧ್ಯೆ ಪೂರಿಯಷ್ಟು ದೊಡ್ಡ ವೃತ್ತ ಬರೆದು, ಅದರೊಳಗೆ ಬೊಟ್ಟು ಇಟ್ಟೆ. ನಿಮ್ಮ ಭಾಷೆಯಲ್ಲಿ ಇದಕ್ಕೇನೆನ್ನುತ್ತೀರಿ ಎಂದು ಕೇಳಿದ. ಹೇಳಿದೆ. ಅದನ್ನೂ ಬರೆಯಿರಿ ಎಂದ. ವೃತ್ತದ ಕೆಳಗೆ ದೊಡ್ಡದಾಗಿ 'ಶುಕ್ರ' ಎಂದು ಬರೆದೆ. 'ಶುಕ್ರಾ, ಶುಕ್ರಾ' ಎಂದು ಬಾಯಲ್ಲಿ ಹೊರಳಿಸಿಕೊಳ್ಳುತ್ತ ಅವನು ಎದ್ದ. ಅಲ್ಲಿದ್ದ ಒಬ್ಬೊಬ್ಬರ ಮುಂದೆಯೂ ನಿಧಾನವಾಗಿ ತಿರುಗಿ ತೋರಿಸಿದ. ಕುದುರೆಗೂ ತೋರಿಸಿದ. ಆಮೇಲೆ ಡೋನಾಳ ಜೊತೆ ಟ್ರಕ್ ಹತ್ತಿ, ಹಸಿ ಶಾಯಿ ಸೀಟಿಗೆ ಹತ್ತೀತೆಂದು ಸ್ಟಿಯರಿಂಗಿನ ಮೇಲೆ ಎದೆಯೂರಿ ಬಾಗಿ ಕೂತು, ಬೆನ್ನನ್ನು ಎಲ್ಲಿಗೂ ತಾಗಿಸದೆ, ಮೆಲ್ಲಗೆ, ಬಹಳ ಮೆಲ್ಲಗೆ ಓಡಿಸಿಕೊಂಡು ಮನೆಗೆ ಹೋದ.